ತಾಳೆ ಬೆಳೆಯದ ಸೀಮೆಯಲ್ಲಿ ತಾಳೆ ಎಣ್ಣೆ

ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿರುವ ತಿಕೋಟಾ ಮತ್ತು ಅದರ ದಕ್ಷಿಣಕ್ಕೆ ಹರಡಿರುವ ಬಬಲೇಶ್ವರದ ಸೀಮೆಯನ್ನು ಹೊರಗಿನವರು ಇಂದು ದ್ರಾಕ್ಷಿಯಿಂದ ಗುರುತಿಸುತ್ತಾರೆ. ಅದಕ್ಕೂ ಹಿಂದಿನ ಗುರುತು ಹಿಂಗಾರಿಯ ಬಿಳಿಜೋಳ, ಕಡಲೆ ಮತ್ತು ಕುಸುಬಿ. ಎಣ್ಣೆತಾಳೆ ಈ ಸೀಮೆಯ ಬೆಳೆಯಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಒಣಗಾಳಿ ಬೀಸುವ ಈ ಎರೆಭೂಮಿಯಲ್ಲಿ ಆ ಮರ ಬೆಳೆಯಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ಹಾಗಿದ್ದರೂ ಮಿರ್ಚಿ ಭಜಿಯ ಬಾಣಲೆಯಿಂದ ಬೇಕರಿಯ ಖಾರಿಯವರೆಗೆ, ಬಿಸ್ಕಿಟ್ಟಿನಿಂದ ಮೈ ತೊಳೆಯುವ ಸಾಬೂನಿನವರೆಗೆ ಆ ಮರದ ಎಣ್ಣೆ ಇಲ್ಲಿನ ದಿನಬಳಕೆಯೊಳಗೆ ಸೇರಿಹೋಗಿದೆ. ಮರ ಬಾರದ ಊರಿಗೆ ಎಣ್ಣೆ ಹೇಗೆ ಬಂತು, ಅದನ್ನು ನಮ್ಮ ರಾಜ್ಯದಲ್ಲೇ ಬೆಳೆಯುವ ಪ್ರಯತ್ನ ಎಲ್ಲಿಗೆ ಮುಟ್ಟಿದೆ, ಅದರ ನಡುವೆ ಕುಸುಬಿಯ ಗತಿ ಏನಾಯಿತು ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಇಲ್ಲಿ ತಾಳೆ ಎಂದರೆ ನೀರಾ ಇಳಿಸುವ, ತಾಟಿನಿಂಗು ಕೊಡುವ ನಾಡತಾಳೆ ಅಲ್ಲ. ಎಣ್ಣೆತಾಳೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆನಾಡಿನ ಮರ. ತೆಂಗಿನ ಜಾತಿಗೆ ದೂರದ ನಂಟು. ಕಾಂಡದ ನೆತ್ತಿಯಲ್ಲಿ, ಗರಿಗಳ ಕಂಕುಳಲ್ಲಿ ಹತ್ತಾರು ಕಿಲೋ ತೂಗುವ ಗೊಂಚಲುಗಳು ಬಿಡುತ್ತವೆ, ಒಂದೊಂದು ಗೊಂಚಲಿನಲ್ಲಿ ನೂರುಗಟ್ಟಲೆ, ಕೆಲವೊಮ್ಮೆ ಸಾವಿರ ಮೀರಿದ ಕೆಂಬಣ್ಣದ ಹಣ್ಣುಗಳಿರುತ್ತವೆ. ಒಂದೇ ಹಣ್ಣಿನಿಂದ ಎರಡು ಬಗೆಯ ಎಣ್ಣೆ ಸಿಗುವುದು ಇದರ ವಿಶೇಷ: ಮೇಲಿನ ತಿರುಳಿನಿಂದ ಬರುವುದು ತಾಳೆ ಎಣ್ಣೆ, ಒಳಗಿನ ಗಟ್ಟಿ ಕರಟ ಒಡೆದು ತೆಗೆದ ಬೀಜದಿಂದ ಬರುವುದು ತಾಳೆಬೀಜದ ಎಣ್ಣೆ. ಮೊದಲನೆಯದು ಬಹುಪಾಲು ಅಡುಗೆಗೆ ಹೋಗುತ್ತದೆ, ಗುಣದಲ್ಲಿ ಕೊಬ್ಬರಿ ಎಣ್ಣೆಯನ್ನು ಹೋಲುವ ಎರಡನೆಯದು ಸಾಬೂನು ಮತ್ತು ಸೌಂದರ್ಯ ಸಾಧನಗಳಿಗೆ ಬೇಡಿಕೆಯ ಸರಕು. ದಪ್ಪ ಕರಟದ ‘ಡ್ಯೂರಾ’ ಮತ್ತು ಕರಟವೇ ಇಲ್ಲದ, ಆದರೆ ಹೆಚ್ಚಾಗಿ ಕಾಯಿ ಕಚ್ಚದ ‘ಪಿಸಿಫೆರಾ’ ಎಂಬ ಎರಡು ಬಗೆಗಳನ್ನು ಕೂಡಿಸಿ ಪಡೆದ, ತೆಳು ಕರಟ ಮತ್ತು ದಪ್ಪ ತಿರುಳಿನ ‘ಟೆನೆರಾ’ ಎಂಬ ಸಂಕರ ತಳಿಯೇ ಇಂದು ಜಗತ್ತಿನ ತೋಟಗಳಲ್ಲೆಲ್ಲ ಇರುವುದು. ಕರಟದ ದಪ್ಪವನ್ನು ಒಂದೇ ಒಂದು ಗುಣಾಣು ನಿರ್ಧರಿಸುತ್ತದೆ ಎಂಬುದನ್ನು ಬೆಲ್ಜಿಯನ್ನರ ಆಡಳಿತದಲ್ಲಿದ್ದ ಕಾಂಗೊದಲ್ಲಿ 1941ರಲ್ಲಿ ತೋರಿಸಿಕೊಟ್ಟ ಮೇಲೆ ಈ ಸಂಕರಣ ಸುಲಭವಾಯಿತು.

ಮರದ ಪ್ರಯಾಣದ ಕತೆ ಗುಲಾಮರ ಹಡಗುಗಳಿಂದ ಬೇರೆಯಲ್ಲ. ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿಸಿದ ಜನರಿಗೆ ದಾರಿಯಲ್ಲಿ ಉಣ್ಣಲು ತಾಳೆ ಎಣ್ಣೆಯನ್ನೇ ಕೊಡುತ್ತಿದ್ದರು, ಮಾರಾಟಕ್ಕೆ ನಿಲ್ಲಿಸುವ ಮೊದಲು ಮೈ ಹೊಳೆಯಲೆಂದು ಅದನ್ನೇ ಹಚ್ಚುತ್ತಿದ್ದರು. ಅದೇ ಹಡಗುಗಳ ದಾರಿಯಲ್ಲಿ ಬೀಜವೂ ದಾಟಿ ಬ್ರೆಜಿಲಿನ ಬಾಹಿಯಾ ಕರಾವಳಿಯಲ್ಲಿ ಬೇರೂರಿತು. ಕೆರಿಬಿಯನ್ ಕಡಲಿನ ಅಂಚಿನ ಹಳ್ಳಿಗಾಡಿನಲ್ಲಿ ಅದು ದೊಡ್ಡ ಬೆಳೆಯಾದದ್ದು ಮಾತ್ರ 20ನೇ ಶತಮಾನದಲ್ಲಿ, ಬಾಳೆಯ ತೋಟಗಳ ಬೆನ್ನ ಹಿಂದೆ. ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ 1920ರ ದಶಕದಲ್ಲಿ ಹೊಂಡುರಾಸಿನ ಕೆರಿಬಿಯನ್ ದಂಡೆಯ ತೇಲಾ ಪಟ್ಟಣದ ಬಳಿ ಸಸ್ಯಪ್ರಯೋಗದ ತೋಟ ಮಾಡಿ ಎಣ್ಣೆತಾಳೆಯನ್ನು ಅಲ್ಲಿ ನೆಟ್ಟಿತ್ತು. ಮುಂದೆ ಪನಾಮಾ ರೋಗ ಬಾಳೆಯ ತೋಟಗಳನ್ನು ಹಾಳುಗೆಡವಿದಾಗ ಅದೇ ನೆಲದಲ್ಲಿ ತಾಳೆ ಎದ್ದಿತು. ಕೊಲಂಬಿಯಾದ ಕೆರಿಬಿಯನ್ ಭಾಗದ ಬಾಳೆಯ ವಲಯದಲ್ಲೂ ಇದೇ ಕಂಪನಿಯ ಮೂಲಕ 1940ರ ದಶಕದಲ್ಲಿ ತಾಳೆ ಬಂತು, ಇಂದು ಆ ದೇಶ ಅಮೆರಿಕ ಖಂಡಗಳಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತೆಗೆಯುವ ದೇಶ.

ಹೊಂಡುರಾಸಿನ ಅಗ್ವಾನ್ ಕಣಿವೆಯಲ್ಲಿ ನಡೆದದ್ದನ್ನು ಕರ್ನಾಟಕದ ಓದುಗರು ಸ್ವಲ್ಪ ನಿಂತು ನೋಡಬೇಕು. 1970ರ ದಶಕದ ಭೂಸುಧಾರಣೆಯಲ್ಲಿ ಸರ್ಕಾರ ಭೂಹೀನ ರೈತರನ್ನು ಅಲ್ಲಿಗೆ ಕರೆತಂದು, ಸಹಕಾರ ಸಂಘಗಳಾಗಿ ಕೂಡಿಸಿ, ತಾಳೆ ನೆಡಿಸಿತು. 1992ರಲ್ಲಿ ಬಂದ ಹೊಸ ಕೃಷಿ ಕಾಯ್ದೆ ಆ ಸಂಘಗಳ ಜಮೀನನ್ನು ಮಾರಲು ಅನುಮತಿ ನೀಡಿದ್ದೇ ತಡ, ಕೆಲವೇ ವರ್ಷಗಳಲ್ಲಿ ಬಹುಪಾಲು ನೆಲ ಬೆರಳೆಣಿಕೆಯ ದೊಡ್ಡ ಒಡೆಯರ ಕೈಸೇರಿತು. ಆ ಮಾರಾಟಗಳು ಒತ್ತಾಯದಿಂದ, ವಂಚನೆಯಿಂದ ಆದವೆಂದು ರೈತರು ಹೋರಾಟಕ್ಕಿಳಿದರು. 2009ರ ನಂತರ ಆ ಹೋರಾಟ ರಕ್ತಪಾತಕ್ಕೆ ತಿರುಗಿ ನೂರಕ್ಕೂ ಹೆಚ್ಚು ಜನ ಸತ್ತರು. ಕಾರ್ಖಾನೆಯ ಸುತ್ತ ಸಾವಿರಾರು ಹೆಕ್ಟೇರು ಒಂದೇ ಒಡೆತನದಲ್ಲಿದ್ದರೆ ಕಂಪನಿಗೆ ಅನುಕೂಲ ಎಂಬ ಗುಣ ಈ ಬೆಳೆಯ ಹುಟ್ಟಿನಲ್ಲೇ ಇದೆ. 1974ರ ಭೂಸುಧಾರಣೆ ಕಂಡ ಕರ್ನಾಟಕದಲ್ಲಿ ಅಂಥ ತೋಟಸಾಮ್ರಾಜ್ಯ ಕಟ್ಟುವುದು ಸಾಧ್ಯವಿರಲಿಲ್ಲ, ಆದ್ದರಿಂದ ಇಲ್ಲಿ ತಾಳೆ ಎರಡು, ನಾಲ್ಕು, ಹತ್ತು ಎಕರೆಯ ರೈತನ ಬೆಳೆಯಾಗಿ ಬಂತು. ನೆಲದ ಒಡೆತನ ರೈತನಲ್ಲೇ ಉಳಿಯಿತು. ಆದರೆ ಹಣ್ಣನ್ನು ಯಾರಿಗೆ ಮಾರಬೇಕೆಂಬ ಆಯ್ಕೆ ಅವನಲ್ಲಿ ಉಳಿಯಲಿಲ್ಲ.

ಆಯ್ಕೆ ಏಕೆ ಉಳಿಯಲಿಲ್ಲವೆಂದು ತಿಳಿಯಲು ಹಣ್ಣಿನ ಸ್ವಭಾವ ನೋಡಬೇಕು. ಮಾಗಿದ ಗೊಂಚಲನ್ನು ಕೊಯ್ದ ಗಳಿಗೆಯಿಂದಲೇ ತಿರುಳಿನೊಳಗಿನ ಒಂದು ಕಿಣ್ವ, ಅಂದರೆ ಜೀವಕೋಶದ ರಾಸಾಯನಿಕ ಕೆಲಸಗಳಿಗೆ ವೇಗ ಕೊಡುವ ವಸ್ತು, ಎಣ್ಣೆಯನ್ನು ಒಡೆದು ಹುಳಿಯಾಗಿಸತೊಡಗುತ್ತದೆ. ಹೀಗಾಗಿ 24 ಗಂಟೆಯೊಳಗೆ, ಬಹಳವೆಂದರೆ 48 ಗಂಟೆಯೊಳಗೆ ಗೊಂಚಲು ಕಾರ್ಖಾನೆ ಸೇರಲೇಬೇಕು. ಕಾರ್ಖಾನೆಯಲ್ಲಿ ಮೊದಲು ಒತ್ತಡದ ಉಗಿಯಲ್ಲಿ ಬೇಯಿಸುತ್ತಾರೆ, ಕಿಣ್ವ ಸಾಯುತ್ತದೆ, ಹಣ್ಣೂ ಗೊಂಚಲಿನಿಂದ ಸಡಿಲವಾಗುತ್ತದೆ. ಆಮೇಲೆ ದೊಡ್ಡ ಉರುಳೆಯಲ್ಲಿ ತಿರುಗಿಸಿ ಹಣ್ಣನ್ನು ಉದುರಿಸಿ, ಬಿಸಿಯಲ್ಲಿ ಅರೆದು, ಒತ್ತುಯಂತ್ರಕ್ಕೆ ಕೊಟ್ಟು, ಬಂದ ರಸದಿಂದ ನೀರು ಮತ್ತು ಗಸಿ ಬೇರ್ಪಡಿಸಿದರೆ ಸಿಗುವುದು ಕಿತ್ತಳೆಗೆಂಪು ಬಣ್ಣದ ಕಚ್ಚಾ ತಾಳೆ ಎಣ್ಣೆ. ಗಜ್ಜರಿಗೆ ಬಣ್ಣ ಕೊಡುವ ಕೆರೊಟಿನ್ ಎಂಬ ಅಂಶವೇ ಇದಕ್ಕೂ ಬಣ್ಣ ಕೊಟ್ಟಿರುತ್ತದೆ. ನೂರು ಕಿಲೋ ಗೊಂಚಲಿಗೆ 16ರಿಂದ 20 ಕಿಲೋ ಎಣ್ಣೆ ಬಂದರೆ ಒಳ್ಳೆಯ ಇಳುವರಿ. ಕುಸುಬಿಯನ್ನು ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟು, ದರ ಏರುವವರೆಗೆ ಕಾದು, ಬೇಕೆಂದಾಗ ಹತ್ತು ಸೇರು ಗಾಣಕ್ಕೆ ಒಯ್ಯಬಹುದು. ತಾಳೆಯ ರೈತನಿಗೆ ಆ ಸ್ವಾತಂತ್ರ್ಯವಿಲ್ಲ. ಕೊಯ್ದ ಗೊಂಚಲು ಕಾಯುವುದಿಲ್ಲ, ಹತ್ತಿರದ ಕಾರ್ಖಾನೆ ಒಂದೇ ಇರುತ್ತದೆ, ಆ ಕಾರ್ಖಾನೆ ತಿಂಗಳುಗಟ್ಟಲೆ ನಿಂತರೆ ಹಣ್ಣು ಮರದಲ್ಲೇ ಕೊಳೆಯುತ್ತದೆ. ಈ ಅವಲಂಬನೆಯನ್ನು ಒಪ್ಪಿಕೊಂಡೇ ಸರ್ಕಾರಗಳು ಒಂದೊಂದು ಪ್ರದೇಶವನ್ನು ಒಂದೊಂದು ಕಂಪನಿಗೆ ‘ವಲಯ’ವೆಂದು ಹಂಚಿಕೊಡುವ ಪದ್ಧತಿ ಮಾಡಿವೆ: ಆ ವಲಯದ ಸಸಿ ಪೂರೈಕೆ, ಹಣ್ಣಿನ ಖರೀದಿ ಎರಡೂ ಆ ಕಂಪನಿಯ ಹೊಣೆ. ಆಂಧ್ರಪ್ರದೇಶ 1993ರಲ್ಲೇ ಇದಕ್ಕೆ ಕಾಯ್ದೆ ಮಾಡಿತು.

ಭಾರತಕ್ಕೆ ಎಣ್ಣೆತಾಳೆ ಬಂದದ್ದು 19ನೇ ಶತಮಾನದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ, ಅದೂ ಅಂದದ ಮರವಾಗಿ. ಇಂಡೋನೇಷ್ಯಾದ ಬೋಗೋರ್ ಉದ್ಯಾನಕ್ಕೆ 1848ರಲ್ಲಿ ಬಂದ ನಾಲ್ಕು ಸಸಿಗಳ ಸಂತಾನ ಮುಂದೆ ಆಗ್ನೇಯ ಏಷ್ಯಾವನ್ನೇ ತುಂಬಿತು, 1917ರಲ್ಲಿ ಮಲಯದಲ್ಲಿ ಮೊದಲ ವಾಣಿಜ್ಯ ತೋಟ ಎದ್ದಿತು. ನಮ್ಮಲ್ಲಿ ಬೆಳೆಯಾಗಿ ನೆಡುವ ಯೋಚನೆ ಹುಟ್ಟಿದ್ದು 1960ರ ದಶಕದಲ್ಲಿ, ಕೇರಳದಲ್ಲಿ. ಕನ್ನಡಿಗರಿಗೆ ಹತ್ತಿರದ ಕಾಸರಗೋಡಿನಲ್ಲಿ ನೆಲೆಗೊಂಡಿರುವ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆಯೇ ಮೊದಲ ಹಂತದಲ್ಲಿ, ತಿರುವನಂತಪುರದ ಬಳಿಯ ಪಾಲೋಡ್ ಶಾಖೆಯ ಮೂಲಕ, ಈ ಬೆಳೆಯ ಸಂಶೋಧನೆ ನಡೆಸಿತು. ಆ ಕಾಲದ ಒಂದು ದೊಡ್ಡ ತೊಡಕು ಪರಾಗಸ್ಪರ್ಶದ್ದು. ತಾಳೆಯಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಆಫ್ರಿಕಾದಲ್ಲಿ ಎರಡರ ನಡುವೆ ಓಡಾಡುತ್ತಿದ್ದ ಪುಟ್ಟ ಸೊಂಡಿಲು ಕೀಟವೊಂದು ಏಷ್ಯಾಕ್ಕೆ ಬಂದಿರಲಿಲ್ಲವಾಗಿ ಕೂಲಿಯಾಳುಗಳು ಪರಾಗದ ಪುಡಿಯನ್ನು ಕೈಯಿಂದ ಊದಬೇಕಿತ್ತು. 1981ರಲ್ಲಿ ಮಲೇಷ್ಯಾಕ್ಕೆ, 1985ರಲ್ಲಿ ಕೇರಳಕ್ಕೆ ಕೀಟವನ್ನು ತಂದು ಬಿಟ್ಟ ಮೇಲೆ ಆ ಕೂಲಿ ತಪ್ಪಿತು, ಕಾಯಿಕಟ್ಟುವಿಕೆಯೂ ಸುಧಾರಿಸಿತು. ಒಂದು ಖಂಡದ ಮರವನ್ನು ಮಾತ್ರ ಕಿತ್ತು ತಂದು ಅದರ ಸಂಗಾತಿಯನ್ನು ಬಿಟ್ಟುಬಂದ ತಪ್ಪನ್ನು ತಿದ್ದಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು.

ಕೇಂದ್ರ ಸರ್ಕಾರ ನೇಮಿಸಿದ ಚಡ್ಢಾ ಸಮಿತಿ 1988ರಲ್ಲಿ, ನೀರಾವರಿಯಲ್ಲೂ ಈ ಬೆಳೆ ಬರುತ್ತದೆ ಎಂದು ಲೆಕ್ಕ ಹಾಕಿ, ಯೋಗ್ಯ ಪ್ರದೇಶಗಳನ್ನು ಗುರುತಿಸಿದ ಮೇಲೆ ಆಂಧ್ರ ಮತ್ತು ಕರ್ನಾಟಕ ಮೊದಲ ಸಾಲಿನಲ್ಲಿ ನಿಂತವು. ಮಲೆನಾಡಿನ ಕಾಡಿಗಾಗಲಿ ಕರಾವಳಿಗಾಗಲಿ ಹೋಗದೆ ಭದ್ರಾ, ತುಂಗಭದ್ರಾ, ಕಾವೇರಿ, ಕಬಿನಿ ಅಚ್ಚುಕಟ್ಟುಗಳನ್ನು ಅದಕ್ಕೆ ಆರಿಸಿಕೊಂಡದ್ದು ನಮ್ಮ ರಾಜ್ಯದ ಕ್ರಮ. ಅಚ್ಚುಕಟ್ಟು ಎಂದರೆ ಅಣೆಕಟ್ಟಿನ ಕಾಲುವೆ ನೀರುಣಿಸುವ ಪ್ರದೇಶ. ಮೈಸೂರು ಜಿಲ್ಲೆಯ ತಾರಕದಲ್ಲಿ ತೋಟಗಾರಿಕೆ ಇಲಾಖೆಯ ಬೀಜೋತ್ಪಾದನಾ ತೋಟ ಬಂತು. ಗಂಗಾವತಿಯಲ್ಲಿ ಇಂದು ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಸಂಶೋಧನಾ ಕೇಂದ್ರದಲ್ಲಿ ಅಖಿಲ ಭಾರತ ಸಮನ್ವಯ ಯೋಜನೆಯಡಿ ತಳಿ ಮತ್ತು ನೀರಿನ ಪ್ರಯೋಗಗಳು ನಡೆದಿವೆ. ಇಷ್ಟೆಲ್ಲ ಇದ್ದೂ ಮೂರು ದಶಕದ ಫಲ ಸಣ್ಣದು. 2021ರಲ್ಲಿ ಕೇಂದ್ರ ಸರ್ಕಾರ ಹೇಳಿದ ಲೆಕ್ಕದಲ್ಲಿ ದೇಶದ ಎಣ್ಣೆತಾಳೆಯ ಪ್ರದೇಶ 3.70 ಲಕ್ಷ ಹೆಕ್ಟೇರು; ಒಟ್ಟು ಉತ್ಪಾದನೆಯ ಶೇಕಡ 98ರಷ್ಟು ಆಂಧ್ರ, ತೆಲಂಗಾಣ, ಕೇರಳ ಮೂರರಿಂದಲೇ ಬರುತ್ತಿತ್ತು. ಉಳಿದ ಶೇಕಡ 2ರಲ್ಲಿ ತಮಿಳುನಾಡು, ಒಡಿಶಾ, ಗುಜರಾತ್, ಮಿಜೋರಾಂಗಳ ಜೊತೆ ಕರ್ನಾಟಕವೂ ಪಾಲು ಹಂಚಿಕೊಳ್ಳಬೇಕಿತ್ತು.

ಏಕೆ ಹೀಗಾಯಿತು ಎಂಬುದಕ್ಕೆ ರೈತರನ್ನು ದೂರುವುದು ಸುಲಭ, ಆದರೆ ಕಾರಣ ಬೆಳೆಯ ಒಳಗೇ ಇದೆ. ಸಸಿ ನೆಟ್ಟು ಮೂರು ನಾಲ್ಕು ವರ್ಷ ಕಾಯಬೇಕು. ಆ ಮೇಲೆ 25-30 ವರ್ಷ ಹತ್ತು ಹದಿನೈದು ದಿನಕ್ಕೊಮ್ಮೆ ಕೊಯ್ಲು. ಮರ ಎತ್ತರವಾದಂತೆ ಉದ್ದನೆಯ ದೋಟಿಗೆ ಕಟ್ಟಿದ ಕುಡುಗೋಲಿನಿಂದ ಗೊಂಚಲು ಇಳಿಸುವ ನುರಿತ ಆಳು ಬೇಕು. ಹಣ್ಣಿನ ಬೆಲೆ ಕೌಲಾಲಂಪುರದ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿಕೊಂಡಿದೆ: ಉಕ್ರೇನ್ ಯುದ್ಧದ ಬೆನ್ನಿಗೆ ಇಂಡೋನೇಷ್ಯಾ 2022ರ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಮೂರನೆಯ ವಾರದವರೆಗೆ ರಫ್ತನ್ನೇ ನಿಲ್ಲಿಸಿದಾಗ ಟನ್ ಗೊಂಚಲಿಗೆ 20,000 ರೂಪಾಯಿ ದಾಟಿದ್ದ ದರ ಒಂದು ವರ್ಷದಲ್ಲಿ ಬಹಳಷ್ಟು ಕುಸಿಯಿತು. ಅಂಥ ಕುಸಿತದ ಕಾಲದಲ್ಲಿ, ಪಕ್ಕದ ಹೊಲದ ಅಡಿಕೆ ಚಿನ್ನದ ಬೆಲೆಗೆ ಹೋಗುತ್ತಿರುವಾಗ, ಭದ್ರಾ ಅಚ್ಚುಕಟ್ಟಿನ ರೈತ ತಾಳೆಯನ್ನು ಕಿತ್ತು ಅಡಿಕೆ ನೆಟ್ಟರೆ ಆಶ್ಚರ್ಯವಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ನೀರು. ತನ್ನ ತವರಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು, ಎಲ್ಲ ತಿಂಗಳೂ ಹಂಚಿ ಬೀಳುವ ಮಳೆಗೆ ಒಗ್ಗಿದ ಮರ ಇದು. ನೀರಾವರಿಯಲ್ಲಿ ಬೆಳೆಯುವಾಗ ಬಲಿತ ಮರವೊಂದಕ್ಕೆ ದಿನಕ್ಕೆ 200 ಲೀಟರಿನಷ್ಟು, ಸುಡುಬೇಸಿಗೆಯಲ್ಲಿ ಅದಕ್ಕೂ ಹೆಚ್ಚು ನೀರು ಕೊಡಬೇಕೆಂಬುದು ಸಾಮಾನ್ಯ ಶಿಫಾರಸು. ಹೆಕ್ಟೇರಿಗೆ 143, ಎಕರೆಗೆ 57 ಮರ. ಎಂದರೆ ಒಂದು ಎಕರೆಗೆ ದಿನಕ್ಕೆ 11,400 ಲೀಟರ್. ತಿಕೋಟಾ, ಬಾಬಾನಗರ, ಬಿಜ್ಜರಗಿ ಕಡೆಯ ಜನರಿಗೆ ಈ ಅಂಕಿ ಬೇಗ ಅರ್ಥವಾಗುತ್ತದೆ, ಏಕೆಂದರೆ ಬರಗಾಲದಲ್ಲಿ ದ್ರಾಕ್ಷಿಯ ಬಳ್ಳಿ ಉಳಿಸಲು ಟ್ಯಾಂಕರ್ ನೀರು ಕೊಂಡವರು ಅವರು. ಎಕರೆ ತಾಳೆಗೆ ಮಳೆಯಿಲ್ಲದ ಪ್ರತಿ ದಿನವೂ ಅಂಥ ಒಂದು ದೊಡ್ಡ ಟ್ಯಾಂಕರ್ ಬೇಕಾಗುತ್ತದೆ. ದ್ರಾಕ್ಷಿಯೇನೂ ನೀರು ಬೇಡದ ಬೆಳೆಯಲ್ಲ. ಆದರೆ ಅದನ್ನು ಏಪ್ರಿಲ್ ಮತ್ತು ಅಕ್ಟೋಬರಿನ ಚಾಟನಿಯ, ಅಂದರೆ ಬಳ್ಳಿ ಸವರುವ ಕೆಲಸದ, ಮೂಲಕ ರೈತ ತನ್ನ ಹಿಡಿತದಲ್ಲಿಟ್ಟುಕೊಳ್ಳಬಲ್ಲ, ಒಣಗಿಸಿ ಮಣೂಕ ಮಾಡಿ ಶೀತಗೃಹದಲ್ಲಿಟ್ಟು ದರಕ್ಕೆ ಕಾಯಬಲ್ಲ.

ನೀರಿನ ಕೊರತೆಗೆ ತಾಳೆ ತೋರುವ ಪ್ರತಿಕ್ರಿಯೆ ವಿಚಿತ್ರವಾದದ್ದು. ಹೂಗೊಂಚಲು ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದು ಅದು ಹೊರಗೆ ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ, ಕೊಯ್ಲಿಗಿಂತ ಸುಮಾರು ಎರಡು ವರ್ಷ ಮುಂಚೆ, ಮರದೊಳಗೆ ತೀರ್ಮಾನವಾಗುತ್ತದೆ. ಆ ಹೊತ್ತಿನಲ್ಲಿ ಬೇರಿಗೆ ನೀರು ಸಾಲದಿದ್ದರೆ ಗಂಡು ಹೂಗೊಂಚಲುಗಳೇ ಹೆಚ್ಚಾಗುತ್ತವೆ, ಗಂಡು ಗೊಂಚಲಿನಲ್ಲಿ ಹಣ್ಣಿಲ್ಲ. ಈ ವರ್ಷ ಬೋರ್‌ವೆಲ್ ಬತ್ತಿದ ನಷ್ಟ ಇನ್ನೆರಡು ವರ್ಷ ಬಿಟ್ಟು, ಒಳ್ಳೆಯ ಮಳೆಯಾದ ವರ್ಷದಲ್ಲಿ, ರೈತನ ಕೈಗೆ ತಟ್ಟುತ್ತದೆ. ಮರ ಹಸಿರಾಗಿಯೇ ಇರುತ್ತದೆ, ಗೊಂಚಲು ಮಾತ್ರ ಬರುವುದಿಲ್ಲ. ಬೆಳೆವಿಮೆಯ ಕಾಗದದಲ್ಲಿ ಇದನ್ನು ತೋರಿಸುವುದೂ ಕಷ್ಟ.

ತಾಳೆಯ ಪರವಾಗಿ ಯಾವಾಗಲೂ ಹೇಳುವ ಮಾತು ಹೆಕ್ಟೇರಿನ ಲೆಕ್ಕದ್ದು: ಒಂದು ಹೆಕ್ಟೇರಿನಿಂದ 20 ಟನ್ ಗೊಂಚಲು, ಅದರಿಂದ ಸುಮಾರು ಮೂರೂವರೆ ಟನ್ ಎಣ್ಣೆ, ಎಂಟು ಕ್ವಿಂಟಲ್ ಬೆಳೆದ ಕುಸುಬಿಯಿಂದ ಬರುವುದು ಎರಡೂವರೆ ಕ್ವಿಂಟಲಿಗೂ ಕಡಿಮೆ. ಈ ಅಂತರ ನಿಜ. ಒಣಸೀಮೆಯ ಪರವಾಗಿ ವಾದಿಸುವವರು ‘ಹನಿ ನೀರಿನ ಲೆಕ್ಕ ಹಾಕಿ’ ಎನ್ನುವುದುಂಟು, ಆದರೆ ಆ ಲೆಕ್ಕದಲ್ಲೂ, ಇಳುವರಿ ಪೂರ್ತಿ ಬಂದರೆ, ತಾಳೆಯೇ ಮುಂದಿರುತ್ತದೆ. ಮಳೆ ಮತ್ತು ನೀರಾವರಿ ಸೇರಿ 1,300 ಮಿಲಿಮೀಟರ್ ನೀರುಂಡು ಮೂರೂವರೆ ಟನ್ ಕೊಡುವ ಮರಕ್ಕೂ, ಎರೆಮಣ್ಣಿನ 250-300 ಮಿಲಿಮೀಟರ್ ತೇವದಲ್ಲಿ ಎರಡೂವರೆ ಕ್ವಿಂಟಲ್ ಕೊಡುವ ಗಿಡಕ್ಕೂ ಹೋಲಿಕೆ ಮಾಡಿದರೆ ಒಂದೊಂದು ಮಿಲಿಮೀಟರಿಗೆ ತಾಳೆಯ ಎಣ್ಣೆ ಸುಮಾರು ಮೂರು ಪಟ್ಟು. ಲೆಕ್ಕದಲ್ಲಿ ಅಡಗಿರುವ ವಿಷಯ ಬೇರೆ: ಕುಸುಬಿ ಕುಡಿಯುವುದು ಆಗಲೇ ಬಿದ್ದು ಹೊಲದೊಳಗೆ ಇಂಗಿದ, ಬೇರೆ ಯಾರ ಪಾಲಿಗೂ ಹೋಗದ ಮಳೆಯನ್ನು, ತಾಳೆಗೆ ಬೇಕಾದ ಹೆಚ್ಚುವರಿ 700 ಮಿಲಿಮೀಟರನ್ನು ಕೃಷ್ಣೆಯಿಂದಲೋ ನೆಲದಾಳದಿಂದಲೋ ವಿದ್ಯುತ್ ಖರ್ಚು ಮಾಡಿ ಮೇಲೆತ್ತಬೇಕು. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳು ಕೃಷ್ಣೆಯ ನೀರನ್ನು ಎತ್ತರದ ಈ ಸೀಮೆಗೆ ಹರಿಸಿ ಕೆರೆ ತುಂಬಿಸಿರುವಾಗ, ಅಷ್ಟು ಕಷ್ಟದಿಂದ ಬಂದ ನೀರಿಗೆ ದ್ರಾಕ್ಷಿ, ದಾಳಿಂಬೆ, ಲಿಂಬೆ, ಕೊನೆಗೆ ಕುಡಿಯುವ ಕೊಡವೂ ಪೈಪೋಟಿಗಿವೆ. ಎಣ್ಣೆಯನ್ನು ಆ ಸಾಲಿಗೆ ನಿಲ್ಲಿಸದೆ ಬೆಳೆಯುವ ದಾರಿ ಈ ನೆಲಕ್ಕೆ ಗೊತ್ತಿತ್ತು.

ಆ ದಾರಿಯ ವಿವರ ಈಗಿನ ತಲೆಮಾರಿಗೆ ಮರೆಯುತ್ತಿದೆ. ಮುಂಗಾರಿನ ಮಳೆಯನ್ನು ಎರೆಮಣ್ಣಿಗೆ ಕುಡಿಸಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿಳಿಜೋಳ ಬಿತ್ತುವಾಗ ನಡುನಡುವೆ ಕುಸುಬಿಯ ಅಕ್ಕಡಿ ಸಾಲು ಹಾಕುವುದು ಇಲ್ಲಿನ ವಾಡಿಕೆ; ಮುಖ್ಯ ಬೆಳೆಯ ನಡುವೆ ಒಂದೆರಡು ಸಾಲು ಬೇರೆ ಬೆಳೆ ಬಿತ್ತುವುದಕ್ಕೆ ಅಕ್ಕಡಿ ಎನ್ನುತ್ತಾರೆ. ಹೊಲದ ಅಂಚಿಗೆ ಬಿತ್ತಿದ ಮುಳ್ಳಿನ ಕುಸುಬಿ ದನಗಳಿಗೆ ಬೇಲಿಯೂ ಆಗುತ್ತಿತ್ತು. ಎಳೆ ಎಲೆ ಪಲ್ಯಕ್ಕೆ, ಕಾಳು ಗಾಣಕ್ಕೆ, ಎಣ್ಣೆ ತೆಗೆದ ಹಿಂಡಿ ಎತ್ತಿಗೆ. ತಾಯಿಬೇರು ಆರೇಳು ಅಡಿಗೂ ಆಳಕ್ಕೆ ಇಳಿಯುವುದರಿಂದ ಮೇಲ್ಮಣ್ಣು ಬಿರುಕು ಬಿಟ್ಟ ಮೇಲೂ ಗಿಡ ಕೆಳಗಿನ ತೇವ ಹೀರಿ ಬದುಕುತ್ತದೆ. ವಿಜಯಪುರದಲ್ಲಿ 1930ರ ದಶಕದಲ್ಲೇ ಒಣಬೇಸಾಯ ಸಂಶೋಧನಾ ಕೇಂದ್ರ ಸ್ಥಾಪಿಸಿದ ಬ್ರಿಟಿಷ್ ಆಡಳಿತಕ್ಕೂ ಇಲ್ಲಿನ ಸಮಸ್ಯೆ ಮಣ್ಣೊಳಗೆ ನೀರು ಹಿಡಿದಿಡುವುದೇ ಎಂದು ತಿಳಿದಿತ್ತು. ಬದು ಹಾಕುವ, ಸಾಲಿನ ಅಂತರ ಹೆಚ್ಚಿಸುವ, ಮತ್ತೆ ಮತ್ತೆ ಎಡೆ ಹೊಡೆಯುವ ಕ್ರಮಗಳು ಸೊಲ್ಲಾಪುರ ಮತ್ತು ವಿಜಯಪುರದ ಕೇಂದ್ರಗಳಿಂದಲೇ ರೂಢಿಗೆ ಬಂದವು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಸಂಶೋಧನಾ ಕೇಂದ್ರ ಕೊಟ್ಟ ‘ಎ-1’ ಎಂಬ ಕುಸುಬಿ ತಳಿ ದಶಕಗಳ ಕಾಲ ಉತ್ತರ ಕರ್ನಾಟಕದ ಹೊಲಗಳನ್ನು ಆಳಿತು. ಕಾಳಿನಲ್ಲಿ ಸುಮಾರು ಶೇಕಡ 30 ಎಣ್ಣೆ, ಆ ಎಣ್ಣೆಯ ಮುಕ್ಕಾಲು ಭಾಗ ಲಿನೊಲಿಯಿಕ್ ಆಮ್ಲ, ಅಂದರೆ ದೇಹ ತಾನೇ ತಯಾರಿಸಿಕೊಳ್ಳಲಾರದ, ಆಹಾರದಿಂದಲೇ ಬರಬೇಕಾದ ಕೊಬ್ಬು. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು ಪರ್ಯಾಪ್ತ ಕೊಬ್ಬು, ತಂಪಿಗೆ ಗಟ್ಟಿಯಾಗುವ ಜಾತಿಯದು. ಚಳಿಗಾಲದಲ್ಲಿ ವಿಜಯಪುರದ ಕಿರಾಣಿ ಅಂಗಡಿಯ ತಾಳೆ ಎಣ್ಣೆಯ ಡಬ್ಬಿಯ ತಳದಲ್ಲಿ ಬಿಳಿ ಹರಳು ಕೂಡುವುದು ಇದರಿಂದಲೇ. ಅದು ಕಲಬೆರಕೆಯ ಗುರುತಲ್ಲ.

ಇಂಥ ಕುಸುಬಿಯನ್ನು ಹೊಲದಿಂದ ಹೊರಗಟ್ಟಿದ್ದು ತಾಳೆ ಎಣ್ಣೆಯೊಂದೇ ಎಂದರೆ ಅತಿಯಾದೀತು. ಮುಳ್ಳು ಒಂದು ಕಾರಣ: ಬೆಳಗಿನ ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ, ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಕೊಯ್ಯಬೇಕಾದ ಬೆಳೆಗೆ ಆಳು ಸಿಗುವುದು ಕಷ್ಟವಾಯಿತು. ಸಸ್ಯಹೇನಿನ ಕಾಟ ಇನ್ನೊಂದು. ತೊಗರಿ, ಕಡಲೆಗೆ ಒಳ್ಳೆಯ ದರ ಮತ್ತು ಖರೀದಿ ಸಿಕ್ಕದ್ದು ಮತ್ತೊಂದು. ಆದರೆ ತಾಳೆ ಎಣ್ಣೆಗೆ ಬಾಗಿಲು ತೆರೆದದ್ದು ದೆಹಲಿಯ ತೀರ್ಮಾನಗಳು. 1986ರಲ್ಲಿ ಆರಂಭವಾದ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ನಿನ ಫಲವಾಗಿ 1990ರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. ಅದುವರೆಗೆ ರಾಜ್ಯ ವ್ಯಾಪಾರ ನಿಗಮವೇ ತಾಳೆ ಎಣ್ಣೆಯನ್ನು ತರಿಸಿ ರೇಷನ್ ಅಂಗಡಿಗಳಿಗೆ ಹಂಚುತ್ತಿತ್ತು. 1994ರಲ್ಲಿ ಪಾಮೋಲಿನ್ ಆಮದನ್ನು, ಅಂದರೆ ತಾಳೆ ಎಣ್ಣೆಯ ಗಟ್ಟಿ ಭಾಗ ಬೇರ್ಪಡಿಸಿ ಉಳಿಸಿದ ತಿಳಿ ಎಣ್ಣೆಯ ಆಮದನ್ನು, ಶೇಕಡ 65 ಸುಂಕ ಹಾಕಿ ಖಾಸಗಿಯವರಿಗೆ ಬಿಡಲಾಯಿತು. ನಾಲ್ಕೈದು ವರ್ಷಗಳಲ್ಲಿ ಅಡುಗೆ ಎಣ್ಣೆಗಳ ಸುಂಕ ಶೇಕಡ 15ಕ್ಕೆ ಇಳಿಯಿತು. ಮಲೇಷ್ಯಾ, ಇಂಡೋನೇಷ್ಯಾಗಳ ಎಣ್ಣೆ ಕಾಂಡ್ಲಾ, ಕಾಕಿನಾಡ, ಮಂಗಳೂರಿನ ಪಣಂಬೂರು ಬಂದರುಗಳ ಟ್ಯಾಂಕುಗಳನ್ನು ತುಂಬಿತು. ವಾಸನೆಯಿಲ್ಲದ, ಎಷ್ಟು ಕಾಯಿಸಿದರೂ ಬೇಗ ಕೆಡದ, ಅಗ್ಗದ ಎಣ್ಣೆಗೆ ಕರಿದ ತಿಂಡಿಯ ಅಂಗಡಿ ಮೊದಲ ಗಿರಾಕಿಯಾದದ್ದು ಸಹಜ. ಮುಂದೆ 2015ರಲ್ಲಿ ರಾಜ್ಯ ಸರ್ಕಾರ ಅನ್ನಭಾಗ್ಯದಡಿ ರಿಯಾಯಿತಿ ದರದ ತಾಳೆ ಎಣ್ಣೆಯನ್ನು ಹಂಚಿದಾಗ ಅದು ಕುಸುಬಿ ಬೆಳೆದ ಮನೆಗಳ ಅಡುಗೆಮನೆಗೂ ಹೋಯಿತು. 1980ರ ದಶಕದಲ್ಲಿ ದೇಶದಲ್ಲಿ ಏಳೆಂಟು ಲಕ್ಷ ಹೆಕ್ಟೇರಿನಲ್ಲಿದ್ದ ಕುಸುಬಿ, ಇತ್ತೀಚಿನ ವರ್ಷಗಳಲ್ಲಿ ಒಂದು ಲಕ್ಷ ಹೆಕ್ಟೇರನ್ನೂ ಮುಟ್ಟಲು ತಿಣುಕುತ್ತಿದೆ.

ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು, ಆ ಆಮದಿನಲ್ಲಿ ಅರ್ಧದ ಆಸುಪಾಸು ತಾಳೆಯದು. ಇದನ್ನು ಕಡಿಮೆ ಮಾಡಲೆಂದು 2021ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 11,040 ಕೋಟಿ ರೂಪಾಯಿಯ ಎಣ್ಣೆತಾಳೆ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. 2025-26ರೊಳಗೆ ಇನ್ನೂ 6.5 ಲಕ್ಷ ಹೆಕ್ಟೇರು ಸೇರಿಸಿ 10 ಲಕ್ಷ ಮುಟ್ಟಿಸುವುದು ಅದರ ಗುರಿಯಾಗಿತ್ತು. ಸಸಿಗೆ ಕೊಡುವ ನೆರವು ಹೆಕ್ಟೇರಿಗೆ 12,000ದಿಂದ 29,000 ರೂಪಾಯಿಗೆ ಏರಿತು. ಮಿಷನ್ನಿನ ಒಳ್ಳೆಯ ಅಂಶ ಬೆಲೆಯ ಸೂತ್ರ. ಕಳೆದ ಐದು ವರ್ಷಗಳ ಕಚ್ಚಾ ಎಣ್ಣೆಯ ಸರಾಸರಿ ದರವನ್ನು ಸಗಟು ಬೆಲೆ ಸೂಚ್ಯಂಕದ ಪ್ರಕಾರ ಹೊಂದಿಸಿ, ಅದರ ಶೇಕಡ 14.3ನ್ನು ಗೊಂಚಲಿನ ‘ಕಾರ್ಯಸಾಧ್ಯ ಬೆಲೆ’ ಎಂದು ನಿಗದಿ ಮಾಡುತ್ತಾರೆ. ಕಂಪನಿ ಆಯಾ ಕಾಲದ ಕಚ್ಚಾ ಎಣ್ಣೆಯ ದರದ ಶೇಕಡ 14.3ನ್ನು ಕೊಡುತ್ತದೆ, ಕೊರತೆ ಬಿದ್ದರೆ ವ್ಯತ್ಯಾಸವನ್ನು ಸರ್ಕಾರ ರೈತನ ಖಾತೆಗೆ ಹಾಕುತ್ತದೆ. ಕಚ್ಚಾ ಎಣ್ಣೆ ಟನ್ನಿಗೆ 80,000 ರೂಪಾಯಿ ಇದ್ದರೆ ಕಂಪನಿಯ ಪಾಲು ಟನ್ ಗೊಂಚಲಿಗೆ 11,440 ರೂಪಾಯಿ. ಗೊಂಚಲಿಗೆ ಇಂಥ ಆಸರೆ ಕೊಟ್ಟ ಸರ್ಕಾರವೇ ಗ್ರಾಹಕನ ಕೂಗಿಗೆ ಸುಂಕವನ್ನು ಅತ್ತಿತ್ತ ತಿರುಗಿಸುತ್ತಲೂ ಇರುತ್ತದೆ: 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ ಎಣ್ಣೆಯ ಒಟ್ಟು ಸುಂಕವನ್ನು ಶೇಕಡ 27.5ಕ್ಕೆ ಏರಿಸಿ, 2025ರ ಮೇ ಕೊನೆಗೆ 16.5ಕ್ಕೆ ಇಳಿಸಲಾಯಿತು. ಅಂಥ ಪ್ರತಿ ಇಳಿಕೆಯೂ ಕುಸುಬಿ, ಶೇಂಗಾ, ಸೂರ್ಯಕಾಂತಿಗಳ ದರವನ್ನು ಕೆಳಗೆ ಜಗ್ಗುತ್ತದೆ.

ಒಂದು ಮರಕ್ಕೆ 11,040 ಕೋಟಿ ಕೊಟ್ಟ ಮೂರು ವರ್ಷಗಳ ಮೇಲೆ, 2024ರ ಅಕ್ಟೋಬರಿನಲ್ಲಿ, ಎಣ್ಣೆಕಾಳುಗಳಿಗೆಂದೇ 10,103 ಕೋಟಿ ರೂಪಾಯಿಯ ಇನ್ನೊಂದು ಮಿಷನ್ ಬಂತು. ಇದರಲ್ಲಿ ಸಾಸಿವೆ, ಶೇಂಗಾ, ಸೋಯಾ, ಸೂರ್ಯಕಾಂತಿ, ಎಳ್ಳು, ಗುರೆಳ್ಳು, ಅಗಸಿ, ಔಡಲಗಳ ಜೊತೆ ಕುಸುಬಿಯೂ ಇದೆ. 2030-31ರವರೆಗಿನ ಏಳು ವರ್ಷಕ್ಕೆ, ಅಷ್ಟೂ ಬೆಳೆಗಳಿಗೆ ಈ ಹಣ. ಹೊಸ ತಳಿಯ ಬೀಜ ಹಂಚುವುದು, ಹಳ್ಳಿಯ ಮಟ್ಟದಲ್ಲಿ ಎಣ್ಣೆ ತೆಗೆಯುವ ಘಟಕಗಳಿಗೆ ನೆರವು ಕೊಡುವುದು ಅದರ ಭಾಗ. ಕುಸುಬಿಯ ಮಟ್ಟಿಗೆ ಹಳೆಯ ತೊಡಕುಗಳಲ್ಲಿ ಒಂದೆರಡು ತಾವಾಗಿಯೇ ಸಡಿಲವಾಗಿವೆ. ಕಟಾವು ಯಂತ್ರ ಹೊಲಕ್ಕಿಳಿದ ಮೇಲೆ ಮುಳ್ಳಿನ ಭಯ ಕಡಿಮೆಯಾಗಿದೆ, ಮುಳ್ಳಿಲ್ಲದ ತಳಿಗಳೂ ಇವೆ. ಪಟ್ಟಣಗಳಲ್ಲಿ ‘ಮರದ ಗಾಣದ ಎಣ್ಣೆ’ ಎಂಬ ಫಲಕ ಕಂಡಲ್ಲಿ ಕುಸುಬಿ ಎಣ್ಣೆಗೆ ಒಳ್ಳೆಯ ದರ ಸಿಗುತ್ತದೆ, ಆದರೆ ಆ ಗಿರಾಕಿ ಭಜಿ ಅಂಗಡಿಯವನಲ್ಲ, ವೈದ್ಯರ ಸಲಹೆ ಕೇಳಿ ಬಂದ ನೌಕರಸ್ಥ. 2025-26ರ ಮಾರಾಟ ಹಂಗಾಮಿಗೆ ಕೇಂದ್ರ ಕುಸುಬಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 5,940 ರೂಪಾಯಿ, ಕಡಲೆಗೆ 5,650 ಆಗಿತ್ತು. ಹೀಗೆ ಕಾಗದದ ಮೇಲೆ ಆಗ ಕುಸುಬಿಯೇ 290 ರೂಪಾಯಿ ಮುಂದಿದ್ದರೂ ಡೋಣಿ ನದಿಯ ಸಾಲಿನ ಎರೆಹೊಲಗಳಲ್ಲಿ ಕಡಲೆಯೇ ಹೆಚ್ಚು ಕಾಣುತ್ತದೆ, ಏಕೆಂದರೆ ಕಡಲೆಗೆ ಇಳುವರಿಯೂ ಹೆಚ್ಚು, ದರ ಬಿದ್ದ ವರ್ಷ ಊರ ಸಹಕಾರ ಸಂಘದಲ್ಲಿ ಖರೀದಿ ಕೇಂದ್ರ ತೆರೆದೀತೆಂಬ ನೆಚ್ಚಿಕೆಯೂ ಇದೆ.